ಬೀಸುವ ಗಾಳಿ, ಬೀಸುವ ಕಲ್ಲು

ಭಾಗ 1

ಫೋಟೋದಾಗ ಇರೋದು ನಮ್ಮ ಮನಿ ಹಿತ್ತಲದ ಬೀಸುಕಲ್ಲು. ಮ್ಯಾಲಿನ ಕಲ್ಲಿನ ಗೂಟ ಮುರಿದು ಹೋಗ್ಯದ. ಈಗ ಅದರ ಮ್ಯಾಲ ಅವ್ವ ತುಳಸಿ ಗಿಡದ ಡಬ್ಬಿ ಇಟ್ಟಾಳ.

ಹೋದ ಪರೀಕ್ಷೆಗೆ ನಾನು ಪಡಸಾಲಿದಾಗ ಕುಂತು ಜೋರಾಗಿ ಬಾಯಿಪಾಠ ಮಾಡ್ಲತ್ತಿದ್ದೆ: "ಗಾಳಿಯಂತ್ರದಲ್ಲಿ ಗಾಳಿಯ ಚಲನಶಕ್ತಿಯು ವಿದ್ಯುತ್ ಶಕ್ತಿಯಾಗಿ ಬದಲಾಗುತ್ತದೆ." ಒಂದು ಮಾರ್ಕಿನ ಪ್ರಶ್ನೆ, ನಿಮಗೂ ಗೊತ್ತದ. ಆಯಿ ಸೊಪ್ಪು ಸೋಸ್ಕೋತ ಕುಂತಿದ್ದಳು. ನಾಲ್ಕನೇ ಸಲ ಕೇಳಿದ ಮ್ಯಾಲ ಅಂದಳು: "ಗಾಳಿ ಆಗೂ ಬೀಸ್ತಿತ್ತಲ್ಲೋ. ನಮ್ ಕಾಲದಾಗ ಅದು ಕಲ್ಲ ಯಾಕ ಬೀಸಲಿಲ್ಲ? ನಮ್ ರಟ್ಟಿಯಾದ್ರೂ ಉಳೀತಿದ್ವು."

ನನ್ನ ಕಡಿ ಉತ್ತರ ಇರಲಿಲ್ಲ. ಪುಸ್ತಕದಾಗೂ ಇರಲಿಲ್ಲ. ಈ ಸೀರೀಸ್ ಪೂರ್ತಿ ಆಯಿಯ ಆ ಪ್ರಶ್ನೆಗೆ ಹುಡುಕಿದ ಉತ್ತರ. ಉದ್ದ ಅದ, ಒಂದೊಂದೇ ಸರಿಸ್ಕೋತ ಓದ್ರಿ. ಸೇವ್ ಮಾಡಿಟ್ಕೊಂಡ್ರೂ ನಡೀತದ.

#ಕಮಲನಗರ #ಬೀದರ #ನಮ್ಮಇತಿಹಾಸ

ಭಾಗ 2

ಮೊದಲು ಒಂದು ಮಾತು ಗಮನಿಸ್ರಿ. ಕನ್ನಡದಾಗ ಗಾಳಿ "ಬೀಸ್ತದ". ಜೋಳನೂ "ಬೀಸ್ತಾರ". ಎರಡಕ್ಕೂ ಒಂದೇ ಕ್ರಿಯಾಪದ. ಭಾಷೆಯೊಳಗ ಗಾಳಿ ಮತ್ತ ಕಲ್ಲು ಯಾವಾಗೋ ಜೋಡಿ ಆಗ್ಯಾವ. ಹೊಲದಾಗ, ಮನಿಯಾಗ ಮಾತ್ರ ಆಗಲಿಲ್ಲ.

ಹಂಗಂತ ನಮ್ಮ ಹಿರಿಯರು ಗಾಳಿಯಿಂದ ಕೆಲಸ ತಗೊಂಡೇ ಇಲ್ಲ ಅನ್ನಬ್ಯಾಡ್ರಿ. ರಾಶಿ ಟೈಮಿನಾಗ ಕಣದಾಗ ತೂರೋದು ಮತ್ತ ಏನು? ಮುತ್ಯಾ ಎತ್ತರದ ಮೂರು ಕಾಲಿನ ಮಣೆ ಮ್ಯಾಲ ನಿಂತು ಮೊರ ತುಂಬ ಜೋಳ ಮ್ಯಾಲಿಂದ ಬಿಡ್ತಿದ್ರು. ಕಾಳು ಭಾರ, ನೇರ ಕೆಳಗ ಬೀಳ್ತಿತ್ತು. ಹೊಟ್ಟು ಹಗುರ, ಗಾಳಿ ಅದನ್ನ ದೂರ ಒಯ್ಯುತ್ತಿತ್ತು. ಗಾಳಿ ನಿಂತ್ರ ಕೆಲಸ ನಿಂತ್ತು. ಬೀಡಿ ಸೇದ್ಕೋತ, ಆಕಾಶ ನೋಡ್ಕೋತ ಕಾಯ್ತಿದ್ರು. ಕೆಲವು ಸಲ ರಾತ್ರಿ ಗಾಳಿ ಬಿಟ್ರ ರಾತ್ರಿನೇ ಎದ್ದು ತೂರ್ತಿದ್ರು.

ಇಲ್ಲಿ ಗಾಳಿಯ ಚಲನಶಕ್ತಿ ನೇರವಾಗಿ ಹೊಟ್ಟಿನ ಚಲನೆ ಆಗುತ್ತದೆ. ನಡುವೆ ಚಕ್ರ ಇಲ್ಲ, ಹಲ್ಲು ಇಲ್ಲ, ತಂತಿ ಇಲ್ಲ. ಆದರ ತೂರೋದಕ್ಕೂ ಬೀಸೋದಕ್ಕೂ ದೊಡ್ಡ ಫರಕ್ ಅದ. ಹೊಟ್ಟು ಹಾರಿಸಕ್ಕ ಹಗುರ ಗಾಳಿ ಸಾಕು. ಭಾರದ ಕಲ್ಲು ತಿರುಗಿಸಬೇಕಂದ್ರ, ಮೊದಲು ಮುಂದಕ್ಕ ಓಡೋ ಗಾಳಿನ ಗುಂಡಗ ತಿರುಗೋ ಚಲನೆ ಮಾಡಬೇಕು. ಆ ತಿರುವು ಮೊದಲು ಎಲ್ಲಿ ಸಿಕ್ತು ಅಂತ ನೋಡೋಣ.

ಭಾಗ 3

ಇರಾನ್ ಮತ್ತ ಅಫ್ಗಾನಿಸ್ತಾನದ ಗಡಿಯಾಗ ಸಿಸ್ತಾನ್ ಅಂತ ಒಂದು ಸೀಮೆ. ಅಲ್ಲಿ ಬ್ಯಾಸಗಿ ಬಂದ್ರ ಉತ್ತರದ ಕಡಿಂದ ಒಂದು ಗಾಳಿ ಶುರು ಆಗ್ತದ, ಸುಮಾರು ನಾಲ್ಕು ತಿಂಗಳು ನಿಲ್ಲೋದೇ ಇಲ್ಲ. ಅದರ ಹೆಸರೇ "120 ದಿನದ ಗಾಳಿ". ಕೆಲವೊಮ್ಮೆ ತಾಸಿಗೆ 100 ಕಿ.ಮೀ. ದಾಟ್ತದ. ನಾವು ಮಿರಗಿನ ಮಳಿಗಾಳಿಗೇ ಪತ್ರಾಸ್ ಮ್ಯಾಲ ಕಲ್ಲು ಇಡೋರು, ಅಲ್ಲಿನವರ ಪಾಡು ಯೋಚನೆ ಮಾಡ್ರಿ.

10ನೇ ಶತಮಾನದ ಅರಬ್ ಲೇಖಕರು ಈ ಸೀಮೆ ಬಗ್ಗೆ ಬರೆದಾರ. ಅಲ್-ಮಸೂದಿ ಅವರೊಳಗ ಒಬ್ಬ. ಮರಳು ಮತ್ತ ಗಾಳಿಯ ದೇಶ, ಅಲ್ಲಿ ಗಾಳಿನೇ ಗಿರಣಿ ತಿರುಗಿಸ್ತದ ಅನ್ನೋದು ಅವರ ಬರಹದ ಸಾರ. ಸಿಸ್ತಾನದ ಉತ್ತರಕ್ಕ ಖೊರಾಸಾನ್ ಸೀಮೆಯ ನಶ್ತಿಫಾನ್ ಊರಾಗ ಮಣ್ಣು, ಹುಲ್ಲು, ಕಟ್ಟಿಗಿಯಿಂದ ಕಟ್ಟಿದ ಅಂಥ ಗಾಳಿಗಿರಣಿಗಳು ಈಗಲೂ ಅದಾವ.

ಅವುಗಳ ರಚನೆ ನಾವು ಚಿತ್ರದಾಗ ನೋಡೋ ಡಚ್ ಗಿರಣಿ ಹಂಗ ಇಲ್ಲ. ನಡುವ ಒಂದು ಕಂಬ ನೆಟ್ಟಗ ನಿಂತಿರ್ತದ. ಅದಕ್ಕ ಸುತ್ತಲೂ ಕಟ್ಟಿಗಿ ಹಲಗಿ ಇಲ್ಲ ಆಪಿನ ಕಟ್ಟು ಬಿಗಿದಿರ್ತಾರ. ಕಂಬದ ಕೆಳಗ ಬೀಸೋ ಕಲ್ಲು. ಈಗ ಜಾಣತನ ನೋಡ್ರಿ: ಗಾಳಿ ಎರಡೂ ಬದಿಯ ಹಲಗಿ ಮ್ಯಾಲ ಒಂದೇ ಸಮ ಬಡಿದ್ರ ಕಂಬ ತಿರುಗೋದೇ ಇಲ್ಲ, ಒಂದು ಬದಿ ದೂಡಿದ್ದನ್ನ ಇನ್ನೊಂದು ಬದಿ ತಡೀತದ. ಅದಕ್ಕ ಒಂದು ಬದಿಗಿ ಗೋಡಿ ಕಟ್ಟಿ ಗಾಳಿ ಅಡ್ಡಗಟ್ಟಿದ್ರು. ಇನ್ನೊಂದು ಬದಿ ಮಾತ್ರ ಖುಲ್ಲಾ. ಗಾಳಿ ಆ ಸಂದಿಯಿಂದ ನುಗ್ಗಿ ಹಲಗಿ ದೂಡ್ತದ, ಕಂಬ ತಿರುಗ್ತದ, ಕೆಳಗ ಗೋಧಿ ಹಿಟ್ಟಾಗ್ತದ. ಮುಂದಕ್ಕ ಓಡೋ ಶಕ್ತಿ ತಿರುಗೋ ಶಕ್ತಿ ಆಯ್ತು. ನಮ್ಮ ಪುಸ್ತಕ ಇದಕ್ಕ ಯಾಂತ್ರಿಕ ಶಕ್ತಿ ಅಂತ ಹೆಸರಿಡ್ತದ.

ಭಾಗ 4

ಇಲ್ಲಿಂದ ಬೀದರಕ್ಕ ಬರೋಣ. ಯಾಕಂದ್ರ ಇರಾನ್ ನಮಗ ದೂರದ ದೇಶ ಅಲ್ಲ.

15ನೇ ಶತಮಾನದಾಗ ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಬೀದರಕ್ಕ ರಾಜಧಾನಿ ತಂದ್ರು. ಅವರ ಹಿಂದೆ ಪರ್ಷಿಯಾದ ಸಂತರು, ಕುಶಲಕರ್ಮಿಗಳು, ವ್ಯಾಪಾರಿಗಳು ಬಂದ್ರು. ಅಷ್ಟೂರದಾಗ ಚೌಖಂಡಿ ನೋಡಿರಲ್ಲ, ಆ ಎಂಟು ಮೂಲಿಯ ಗೋಡಿಯೊಳಗ ಮಲಗಿದ ಖಲೀಲುಲ್ಲಾ ಅವರ ಮನೆತನ ಕೆರ್ಮಾನ್ ಸೀಮೆದು. ಕೆರ್ಮಾನ್ ಮತ್ತ ಸಿಸ್ತಾನ್ ಅಕ್ಕಪಕ್ಕದ ಸೀಮೆಗಳು. ಮದರಸಾ ಕಟ್ಟಿಸಿದ ಮಹಮೂದ್ ಗಾವಾನ್ ಗೀಲಾನದವರು. ಆ ಮದರಸಾ ಮುಗಿದದ್ದು 1472ರಲ್ಲಿ.

ಇವರ ಜೊತಿ ಒಂದು ತಂತ್ರಜ್ಞಾನನೂ ಬಂತು: ಕರೇಜ್. ನೌಬಾದದಾಗ ಇಳಿದು ನೋಡಿದವರಿಗಿ ಗೊತ್ತು. ಬೀದರ ಕುಂತಿರೋದು ಜಂಬಿಟ್ಟಿಗಿ ಕಲ್ಲಿನ ಮ್ಯಾಲ. ಮಳಿ ನೀರು ಆ ಕಲ್ಲಿನೊಳಗ ಸೋಸಿ ಇಳೀತದ, ಕೆಳಗ ಗಟ್ಟಿ ಕರಿಕಲ್ಲು ಸಿಕ್ಕ ಕೂಡಲೇ ನಿಲ್ತದ. ಅಲ್ಲಿ ಸುರಂಗ ಕೊರೆದು, ಹದವಾಗಿ ಇಳಿಜಾರು ಕೊಟ್ಟು, ಗಾಳಿ ಬೆಳಕಿಗಿ ಅಲ್ಲಲ್ಲಿ ಬಾವಿ ತೋಡಿ, ನೀರು ತಾನೇ ಹರಿದು ಬರೋ ಹಂಗ ಮಾಡಿದ್ರು. ಎತ್ತು ಬೇಡ, ಮೊಟ್ಟಿ ಬೇಡ. ಎತ್ತರದಾಗ ಇರೋ ನೀರಿನ ಪ್ರಚ್ಛನ್ನ ಶಕ್ತಿ ಹರಿಯೋ ಚಲನಶಕ್ತಿ ಆಗ್ತದ, ಅಷ್ಟೇ.

ಹಂಗಾದ್ರ ನನಗ ಕಾಡಿದ ಪ್ರಶ್ನೆ ಇದು. ಅದೇ ದೇಶದ ಕರೇಜ್ ಸಮುದ್ರ ದಾಟಿ ಬೀದರಕ್ಕ ಬಂತು. ಗಾಳಿಗಿರಣಿ ಯಾಕ ಬರಲಿಲ್ಲ? ಕೋಟೆಯಾಗ ಸುತ್ತಾಡ್ರಿ, ಅಷ್ಟೂರದಾಗ ನೋಡ್ರಿ, ಗಾಳಿಗಿರಣಿಯ ಒಂದು ಗೋಡಿನೂ ಕಾಣಲ್ಲ.

ಭಾಗ 5

ನನಗ ಹೊಳೆದ ಉತ್ತರದಾಗ ಮೂರು ಮಾತು ಅದಾವ. ಮೊದಲನೇದು ದಿಕ್ಕು. ಸಿಸ್ತಾನದ ಗಿರಣಿಯ ಗೋಡಿ ಸರಿಯೋದಿಲ್ಲ. ಗಾಳಿ ಒಂದೇ ಕಡಿಂದ ಬರ್ತದ ಅನ್ನೋ ಭರೋಸಾ ಇದ್ರ ಮಾತ್ರ ಅದು ನಡೀತದ. ನಮ್ಮ ಕಡಿ ಮಳಿಗಾಲದಾಗ ಗಾಳಿ ನೈರುತ್ಯದಿಂದ, ಚಳಿಗಾಲದಾಗ ಈಶಾನ್ಯದ ಕಡಿಂದ, ನಡುವಿನ ತಿಂಗಳದಾಗ ಅದಕ್ಕ ತಿಳಿದ ಕಡಿಂದ.

ಎರಡನೇದು ವೇಗ. ಇದನ್ನ ಸಾವಕಾಶ ಓದ್ರಿ, ಪೂರ್ತಿ ಕಥಿಯ ಕೀಲಿ ಇಲ್ಲೇ ಅದ. ಗಾಳಿಯಿಂದ ಪ್ರತಿ ಸೆಕೆಂಡಿಗೆ ಸಿಗಬಹುದಾದ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಅಂದ್ರ ವೇಗ ಎರಡು ಪಟ್ಟಾದ್ರ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು.

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಿಡಕಿ ನೆನಸ್ಕೊಳ್ರಿ. ಅದರೊಳಗಿಂದ ಸೆಕೆಂಡಿಗೆ 2.5 ಮೀಟರ್ ವೇಗದ ಗಾಳಿ ಬರ್ಲತ್ತದ. ಅದರಾಗ ಇರೋ ಶಕ್ತಿ ಸುಮಾರು 9 ವಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ವೇಗ 5 ಮೀಟರ್ ಆಯ್ತು: 75 ವಾಟ್, ಹಳೇ ಸೀಲಿಂಗ್ ಫ್ಯಾನಿನಷ್ಟು. 10 ಮೀಟರ್ ಆಯ್ತು: 600 ವಾಟ್, ಮಿಕ್ಸರ್ ಓಡ್ತದ. ಕಿಡಕಿ ಅದೇ. ಗಾಳಿ ಬ್ಯಾರೆ.

ಲೆಕ್ಕ ಮಾಡ್ಕೋಬೇಕಂದ್ರ ಸೂತ್ರ ಸರಳ ಅದ: ಗಾಳಿಯ ಸಾಂದ್ರತೆ (ಸುಮಾರು 1.2), ಕಿಡಕಿಯ ವಿಸ್ತೀರ್ಣ, ವೇಗದ ಘನ, ಮೂರನ್ನೂ ಗುಣಿಸಿ ಅರ್ಧ ಮಾಡ್ರಿ.

ಮತ್ತ ಈ ಶಕ್ತಿ ಪೂರ್ತಿ ನಮ್ಮ ಕೈಗಿ ಸಿಗಲ್ಲ. 1920ರ ಸುಮಾರಿಗೆ ಜರ್ಮನಿಯ ಆಲ್ಬರ್ಟ್ ಬೆಟ್ಜ್ ಲೆಕ್ಕ ಹಾಕಿ ತೋರಿಸಿದ: ಎಂಥ ಯಂತ್ರ ಇದ್ರೂ ಗಾಳಿಯ ಶಕ್ತಿಯಾಗ ಶೇ. 59.3ಕ್ಕಿಂತ ಹೆಚ್ಚು ಹಿಡಿಯೋಕ ಆಗಲ್ಲ. ಯಾಕಂದ್ರ ಪೂರ್ತಿ ಹಿಡಿದ್ರ ಗಾಳಿ ಅಲ್ಲೇ ನಿಂತು ಬಿಡ್ತದ. ನಮ್ಮ ಸ್ಟೇಷನ್ನಿನಾಗ ಪ್ಯಾಸೆಂಜರ್ ಗಾಡಿ ಹತ್ತಿದವರು ಬಾಗಲದಾಗೇ ನಿಂತ್ರ ಹಿಂದಿನವರು ಹತ್ತೋದು ಹೆಂಗ? ಹತ್ತಿದ ಗಾಳಿ ಒಳಗ ಸರಿದು ಹೋಗಲೇಬೇಕು, ಹೋಗ್ತಾ ಸ್ವಲ್ಪ ಶಕ್ತಿ ಒಯ್ಯಲೇಬೇಕು. ಗೋಡಿ ಕಟ್ಟಿದ ಹಳೇ ಗಿರಣಿಗೆ ಇದರೊಳಗೂ ಬಹಳ ಕಡಿಮಿ ಪಾಲು ಸಿಗ್ತಿತ್ತು. ಸಿಸ್ತಾನದ ಬಿರುಸಿಗೆ ಅಷ್ಟು ಸಾಕಿತ್ತು. ನಮ್ಮ ನೆಲಮಟ್ಟದ ಗಾಳಿಗೆ ಸಾಲುತ್ತಿರಲಿಲ್ಲ.

ಮೂರನೇದು ಹೇಳೋಕ ನನಗ ಸ್ವಲ್ಪ ಸಂಕೋಚ. ಗಟ್ಟಿಮುಟ್ಟಾದ ಮನುಷ್ಯ ತಾಸುಗಟ್ಟಲೆ ದುಡಿದ್ರ ಕೊಡೋ ಶಕ್ತಿ ಎಷ್ಟು ಗೊತ್ತಾ? ಅದೂ ಸುಮಾರು 75 ವಾಟ್. ಅಂದ್ರ 5 ಮೀಟರ್ ವೇಗದ ಗಾಳಿ ಬೀಸೋ ಒಂದು ಕಿಡಕಿ. ನಮ್ಮ ಎಲ್ಲಾ ಮನಿಯೊಳಗ ಆ ಕಿಡಕಿ ಇತ್ತು. ಕೋಳಿ ಕೂಗೋಕಿಂತ ಮೊದಲೇ ಎದ್ದು, ಗೂಟಕ್ಕ ಕೈ ಹಚ್ಚಿ, ಬೀಸುಕಲ್ಲಿನ ಪದ ಹಾಡ್ಕೋತ ಅವರು ಬೀಸ್ತಿದ್ರು. ನಿನ್ನೆ ಉಂಡ ರೊಟ್ಟಿಯ ರಾಸಾಯನಿಕ ಶಕ್ತಿ ಇವತ್ತು ರಟ್ಟಿಯ ಯಾಂತ್ರಿಕ ಶಕ್ತಿ ಆಗಿ, ನಾಳಿನ ರೊಟ್ಟಿಗೆ ಹಿಟ್ಟಾಗ್ತಿತ್ತು. ಅದಕ್ಕ ಕೂಲಿ ಇರಲಿಲ್ಲ, ಲೆಕ್ಕ ಇರಲಿಲ್ಲ. ಕರೇಜ್ ಕಟ್ಟದಿದ್ರ ರಾಜಧಾನಿಗಿ ನೀರಿಲ್ಲ, ಅದಕ್ಕ ಸುಲ್ತಾನರು ಖರ್ಚು ಮಾಡಿದ್ರು. ಹಿಟ್ಟು ಮಾತ್ರ ದಿನಾ ಬೆಳಗಾದ್ರ ತಯಾರಿರ್ತಿತ್ತು. ಮತ್ತ ಯಾರು ಯಾಕ ಗಾಳಿಗಿರಣಿ ಕಟ್ತಾರ?

ಇದನ್ನ ಆಯಿಗಿ ಓದಿ ಹೇಳಿದೆ. ಆಕಿ ನಕ್ಕು "ಹೂಂ, ಖರೇ ಅದ" ಅಂದು ಸುಮ್ಮನಾದಳು.

ಭಾಗ 6

ಗಾಳಿ ಕರೆಂಟ್ ಆದದ್ದು 140 ವರ್ಷದ ಈಚಿನ ಮಾತು. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿದ್ದ: ತಂತಿ ಸುರುಳಿಯ ಹತ್ರ ಆಯಸ್ಕಾಂತ ಅಲುಗಾಡಿಸಿದ್ರ ತಂತಿಯಾಗ ವಿದ್ಯುತ್ ಹರೀತದ. ಅಲ್ಲಿಂದ ಮುಂದ ತಿರುಗೋ ವಸ್ತು ಯಾವುದಿದ್ರೂ ಅದರಿಂದ ಕರೆಂಟ್ ತಗೀಬಹುದು ಅಂತಾಯ್ತು.

1887ರ ಜುಲೈದಾಗ ಸ್ಕಾಟ್ಲೆಂಡಿನ ಮೇರಿಕರ್ಕ್ ಅನ್ನೋ ಹಳ್ಳಿಯಾಗ ಜೇಮ್ಸ್ ಬ್ಲೈತ್ ಅನ್ನೋ ಪ್ರೊಫೆಸರ್ ತಮ್ಮ ತೋಟದಾಗ ಬಟ್ಟೆಯ ಹಾಯಿ ಕಟ್ಟಿದ ಗಾಳಿಯಂತ್ರ ನಿಲ್ಲಿಸಿ, ಬ್ಯಾಟರಿ ತುಂಬಿಸಿ, ಮನಿಗಿ ದೀಪ ಹಚ್ಚಿದ್ರು. ಉಳಿದ ಕರೆಂಟ್ ಊರಿನ ಬೀದಿಗಿ ಕೊಡ್ತೀನಿ ಅಂದ್ರ ಊರವರು ಇದು ಸೈತಾನನ ಕೆಲಸ ಅಂತ ಬ್ಯಾಡಂದ್ರಂತ. ಮರುವರ್ಷ ಅಮೆರಿಕದ ಕ್ಲೀವ್ಲೆಂಡ್ ಊರಾಗ ಚಾರ್ಲ್ಸ್ ಬ್ರಶ್ 17 ಮೀಟರ್ ಅಗಲದ, 144 ಕಟ್ಟಿಗಿ ಅಲಗಿನ ದೈತ್ಯ ಯಂತ್ರ ಕಟ್ಟಿದ. ಅಷ್ಟು ದೊಡ್ಡದಾದ್ರೂ ಕೊಟ್ಟಿದ್ದು 12 ಕಿಲೋವಾಟ್ ಅಷ್ಟೇ.

ನನಗ ಹೆಚ್ಚು ಹಿಡಿಸಿದವರು ಡೆನ್ಮಾರ್ಕಿನ ಪೌಲ್ ಲಾ ಕೂರ್. ಆಸ್ಕೋವ್ ಊರಿನ ಶಾಲಿ ಮಾಸ್ತರು. 1891ರಲ್ಲಿ ಗಾಳಿಯಂತ್ರ ನಿಲ್ಲಿಸಿದ್ರು. ಗಾಳಿ ಇಲ್ಲದ ದಿನ ಏನು ಮಾಡೋದು ಅನ್ನೋದು ಅವರ ಚಿಂತಿ. ಮುತ್ಯಾ ಕಣದಾಗ ಕಾಯ್ತಿದ್ರಲ್ಲ, ಅದೇ ಚಿಂತಿ. ಅವರು ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ತೆಗೆದು ಟ್ಯಾಂಕಿನಾಗ ಕೂಡಿಟ್ರು, ಅದನ್ನ ಉರಿಸಿ ಶಾಲಿಗಿ ದೀಪ ಮಾಡಿದ್ರು. ಚಲನೆ, ತಿರುಗು, ವಿದ್ಯುತ್, ರಾಸಾಯನಿಕ, ಕೊನಿಗಿ ಬೆಳಕು. ಎಷ್ಟು ವೇಷ ನೋಡ್ರಿ! ನಡುವ ಸ್ಫೋಟ ಆಗಿ ಶಾಲಿಯ ಕಿಡಕಿ ಗಾಜು ಒಡೆದದ್ದೂ ಅದ. ಅವರದೇ ಇನ್ನೊಂದು ಶೋಧ: ಅಲಗು ಕಡಿಮಿ ಇಟ್ಟು ಜೋರು ತಿರುಗಿಸಿದ್ರ ಕರೆಂಟಿಗೆ ಛಲೋ. ಈಗಿನ ಯಂತ್ರಕ್ಕ ಮೂರೇ ರೆಕ್ಕಿ ಇರೋದರ ಹಿಂದ ಈ ವಿಚಾರನೇ ಅದ.

ಭಾಗ 7

ಈಗಿನ ಪವನಚಕ್ಕಿಯೊಳಗ ಏನು ನಡೀತದ, ಬೇಗ ಹೇಳ್ತೀನಿ.

ರೆಕ್ಕಿಯ ಆಕಾರ ವಿಮಾನದ ರೆಕ್ಕಿ ಹಂಗ. ಗಾಳಿ ಅದನ್ನ ಬರೇ ದೂಡೋದಿಲ್ಲ, ಎರಡೂ ಬದಿಯ ಒತ್ತಡದ ವ್ಯತ್ಯಾಸದಿಂದ ಎಳೀತದ. ಸಿಸ್ತಾನದ ಹಲಗಿ ಗಾಳಿಗಿಂತ ವೇಗವಾಗಿ ಹೋಗೋಕ ಸಾಧ್ಯ ಇರಲಿಲ್ಲ. ಈ ರೆಕ್ಕಿಯ ತುದಿ ಗಾಳಿಗಿಂತ ಹಲವು ಪಟ್ಟು ಜೋರು ಓಡ್ತದ. ದೂರದಿಂದ ನೋಡಿದ್ರ ಆಲಸಿ ಹಂಗ ಕಾಣ್ತದ, ನಿಮಿಷಕ್ಕ ಹದಿನೈದರ ಆಸುಪಾಸು ಸುತ್ತು. ಬಹಳಷ್ಟು ಯಂತ್ರದಾಗ ಗೇರ್‌ಬಾಕ್ಸ್ ಅದನ್ನ ನೂರು ಪಟ್ಟು ಏರಿಸಿ ಜನರೇಟರಿಗೆ ಕೊಡ್ತದ, ಅಲ್ಲಿ ನಿಮಿಷಕ್ಕ 1,500 ಸುತ್ತಿನ ಸುಮಾರು. ಅಲ್ಲಿ ಫ್ಯಾರಡೆಯ ಆಯಸ್ಕಾಂತ ಮತ್ತ ತಂತಿ. ಗೇರಿನ ತಿಕ್ಕಾಟದಾಗ, ತಂತಿಯಾಗ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗ್ತದ, ಸ್ವಲ್ಪ ಆ "ಹೂಶ್ ಹೂಶ್" ಸಪ್ಪಳ ಆಗಿ ಹೋಗ್ತದ. ಎಲ್ಲೂ ಹೊಸದಾಗಿ ಶಕ್ತಿ ಹುಟ್ಟೋದಿಲ್ಲ, ಎಲ್ಲೂ ಸಾಯೋದೂ ಇಲ್ಲ.

ಸಿಸ್ತಾನದ ಗೋಡಿಯ ತೊಂದರಿಗೂ ಉತ್ತರ ಸಿಕ್ಕದ. ತುದಿಯ ಡಬ್ಬಿಗೆ ಮೋಟರ್ ಇರ್ತದ, ಗಾಳಿ ಯಾವ ಕಡಿಂದ ಬಂದ್ರೂ ಯಂತ್ರ ಆ ಕಡಿ ಮುಖ ತಿರುವುತ್ತದ. ಗಾಳಿ ವಿಪರೀತ ಆದ್ರ ರೆಕ್ಕಿ ಓರೆ ಮಾಡ್ಕೊಂಡು ತಾನೇ ನಿಲ್ತದ.

ಭಾಗ 8

ನಮ್ಮ ರಾಜ್ಯ ಮೊದಲು ಹಿಡಿದದ್ದು ಗಾಳಿ ಅಲ್ಲ, ನೀರು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗಿ ಕಳಿಸಿದ್ರು. ಬೀಳೋ ನೀರು ಅಂದ್ರ ನಂಬಿಕಸ್ಥ. ಗಾಳಿ ಅಂಥದ್ದಲ್ಲ.

ಆದರೂ ಪ್ರಯತ್ನ ನಡೀತು. 1960ರ ದಶಕದಾಗ ಬೆಂಗಳೂರಿನ ಎನ್‌ಎಎಲ್, ವಿಮಾನದ ಸಂಶೋಧನೆ ಮಾಡೋ ಸಂಸ್ಥೆ, ಹೊಲಕ್ಕ ನೀರೆತ್ತೋ ಗಾಳಿಯಂತ್ರ ಮಾಡ್ತು. ಅದರ ಹೆಸರು ಡಬ್ಲ್ಯೂಪಿ-2. 1970ರ ದಶಕದ ಕೊನಿಗಿ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದರಾಜು ಮತ್ತ ರೊದ್ದಂ ನರಸಿಂಹ ಬಟ್ಟೆ ಹಾಯಿಯ ಅಗ್ಗದ ಯಂತ್ರ ರೂಪಿಸಿದ್ರು. ಅದರ ಕಂಬನೂ ಸಿಸ್ತಾನದ ಹಂಗ ನೆಟ್ಟಗ ನಿಂತಿತ್ತು! ಸಾವಿರ ವರ್ಷದ ಹಿಂದಿನ ಉಪಾಯ ಹಳ್ಳಿಯ ಬಾವಿಗಾಗಿ ಮತ್ತ ಬಂತು. ಆದರ ಅಷ್ಟೊತ್ತಿಗೆ ಡೀಸೆಲ್ ಇಂಜಿನ್, ಕರೆಂಟ್ ಪಂಪ್‌ಸೆಟ್ ಹೊಲಕ್ಕ ಬಂದಾಗಿತ್ತು. ಗುಂಡಿ ಒತ್ತಿದ್ರ ನೀರು ಬರೋವಾಗ ರೈತ ಗಾಳಿಗಿ ಯಾಕ ಕಾಯ್ತಾನ?

ಇಲ್ಲಿ ಒಬ್ಬರ ಹೆಸರು ನೆನಪಿಡ್ರಿ: ಅನ್ನಾ ಮಣಿ. 1918ರಲ್ಲಿ ಕೇರಳದ ಪೀರುಮೇಡದಾಗ ಹುಟ್ಟಿದವರು, ಬೆಂಗಳೂರಿನಾಗ ಸಿ.ವಿ. ರಾಮನ್ ಹತ್ರ ಸಂಶೋಧನೆ ಮಾಡಿದವರು, ಹವಾಮಾನ ಇಲಾಖೆಯಾಗ ದೊಡ್ಡ ಹುದ್ದೆಗೆ ಏರಿದವರು. ನಿವೃತ್ತಿ ಆದ ಮ್ಯಾಲ ಬೆಂಗಳೂರಿನಾಗೇ ಕುಂತು ದೇಶದ ಗಾಳಿಯ ಲೆಕ್ಕ ಬರೆದ್ರು. ಯಾವ ಊರಾಗ, ಯಾವ ತಿಂಗಳು, ಎಷ್ಟು ವೇಗ. ಅವರ ಗಾಳಿ ದತ್ತಾಂಶದ ಪುಸ್ತಕ 1983ರಲ್ಲಿ ಬಂತು. ಭಾಗ 5ರ ಘನದ ಲೆಕ್ಕ ನೆನಪದಲ್ಲ? ವೇಗದಾಗ ಸ್ವಲ್ಪ ತಪ್ಪಾದ್ರ ಶಕ್ತಿಯ ಲೆಕ್ಕ ಪೂರ್ತಿ ಕೆಡ್ತದ. ಅಳತಿ ಇಲ್ಲದೆ ಯಂತ್ರ ನಿಲ್ಲಿಸೋದು ಕತ್ತಲದಾಗ ತೂರಿದಂಗ. ಯಂತ್ರದ ಫೋಟೋ ಎಲ್ಲರೂ ಹಾಕ್ತಾರ, ಅಳೆದವರ ಫೋಟೋ ಯಾರೂ ಹಾಕಲ್ಲ. ಅದಕ್ಕ ನಾನು ಇಲ್ಲಿ ಹೆಸರು ಬರೀಲತ್ತೀನಿ.

1986ರಲ್ಲಿ ಗುಜರಾತಿನ ಓಖಾ, ಮಹಾರಾಷ್ಟ್ರದ ರತ್ನಾಗಿರಿ, ತಮಿಳುನಾಡಿನ ತೂತ್ತುಕುಡಿಯಾಗ ದೇಶದ ಮೊದಲ ಗಾಳಿ ವಿದ್ಯುತ್ ತೋಟಗಳು ಶುರು ಆದ್ವು. ಒಂದೊಂದು ಯಂತ್ರ 55 ಕಿಲೋವಾಟ್. ಈಗ ಒಂದೇ ಯಂತ್ರ 2, 3 ಮೆಗಾವಾಟ್ ಕೊಡ್ತದ. ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡದ ಸಾಲು ಬಸ್ಸಿನಾಗ ಹೋಗೋವಾಗ ನೋಡಿರಬೇಕು. ಕರ್ನಾಟಕದ ಗಾಳಿ ವಿದ್ಯುತ್ ಸಾಮರ್ಥ್ಯ 5,000 ಮೆಗಾವಾಟ್ ದಾಟಿ ವರ್ಷಗಳಾದವು. ಗುಡ್ಡ ಕಡಿದು ರಸ್ತೆ ಮಾಡೋದು, ಕಾಡಿಗಿ ಆಗೋ ಹಾನಿ, ಹೊಲದವರಿಗಿ ಸಿಗೋ ಬಾಡಿಗಿ, ಈ ಜಗಳ ಬ್ಯಾರೆ ಅದಾವ. ಅವಕ್ಕ ಇನ್ನೊಂದು ಸೀರೀಸ್ ಬೇಕು.

ನಮ್ಮಂಥ ಬಯಲಿನಾಗೂ ಈಗ ಇದು ಸಾಧ್ಯ ಆದದ್ದು ಎತ್ತರದಿಂದ. ನೆಲದ ಹತ್ರ ಗಿಡ, ಮನಿ, ಬೇಲಿ ಗಾಳಿನ ತಡೀತಾವ. ನೂರು ಮೀಟರ್ ಮ್ಯಾಲ ಹೋದ್ರ ತಡಿಯೋರು ಇಲ್ಲ, ವೇಗ ಹೆಚ್ಚು. ವೇಗ ಸ್ವಲ್ಪ ಹೆಚ್ಚಾದ್ರ ಶಕ್ತಿ ಎಷ್ಟು ಹೆಚ್ಚಾಗ್ತದ ಅಂತ ಈಗ ನಿಮಗ ಗೊತ್ತು. ಆಯಿಯ ಕಾಲದಾಗೂ ಆ ಗಾಳಿ ಇತ್ತು. ಆಕಿಯ ತಲಿ ಮ್ಯಾಲ, ನೂರು ಮೀಟರ್ ಮ್ಯಾಲ, ಕೈಗಿ ನಿಲುಕದಷ್ಟು ಎತ್ತರದಾಗ ಬೀಸ್ತಿತ್ತು.

ಭಾಗ 9

ಕೊನೀ ಫೋಟೋ ನಮ್ಮ ಊರಿನ ಹಿಟ್ಟಿನ ಗಿರಣಿದು. ಹುಡುಗ ಪಟ್ಟಾ ಹಾಕಲತ್ತಾನ, ಗೋಡಿಗಿ ಹಿಟ್ಟಿನ ಬಿಳಿ ಧೂಳು ಕೂತದ.

ಈ ಮೋಟರಿಗೆ ಬರೋ ಕರೆಂಟ್ ಜೆಸ್ಕಾಂದು. ಜೆಸ್ಕಾಂಗೆ ಬರೋದು ರಾಜ್ಯದ ಗ್ರಿಡ್‌ನಿಂದ. ಅದರಾಗ ಶರಾವತಿಯ ನೀರದ, ರಾಯಚೂರಿನ ಕಲ್ಲಿದ್ದಲದ, ಬಿಸಿಲದ, ಗಾಳಿನೂ ಅದ. ಎಲ್ಲಾ ಕೂಡಿದ ಮ್ಯಾಲ ಯಾವುದು ಯಾರ ಪಾಲು ಅಂತ ಬ್ಯಾರೆ ಮಾಡೋಕ ಬರಲ್ಲ, ನಾಲ್ಕು ಹೊಲದ ಜೋಳ ಒಂದೇ ಕಣದಾಗ ರಾಶಿ ಹಾಕಿದಂಗ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯ ಪಾಲು ಹೆಚ್ಚು.

ಮೊನ್ನೆ ಆಯಿನ ಕರ್ಕೊಂಡು ಗಿರಣಿಗಿ ಹೋಗಿದ್ದೆ. ಮಿರಗ ಮುಗಿದು ಗಾಳಿ ಜೋರಿತ್ತು, ಆಕಿಯ ಸೆರಗು ನಿಲ್ತಿರಲಿಲ್ಲ. ಒಳಗ ಕಲ್ಲು ತಿರುಗ್ತಿತ್ತು. ನಾನು ಕಿವಿ ಹತ್ರ ಜೋರಾಗಿ ಹೇಳಿದೆ: "ಆಯಿ, ಈ ಕಲ್ಲಿನ ಕರೆಂಟಿನಾಗ ಒಂದು ಪಾಲು ಗಾಳಿದು. ಈಗ ಗಾಳಿ ಬೀಸಲತ್ತದ ನೋಡು."

ಆಕಿ ಡಬ್ಬಿಯೊಳಗ ಕೈ ಹಾಕಿ ಹಿಟ್ಟು ಮುಟ್ಟಿ ನೋಡಿದಳು. ಗಿರಣಿ ಹಿಟ್ಟು ಸುಡ್ತಿರ್ತದಲ್ಲ, ತಿಕ್ಕಾಟದ ಬಿಸಿ. ಇಷ್ಟು ದೂರದಿಂದ ಬಂದ ಶಕ್ತಿಯ ಒಂದು ಪಾಲು ಹಿಟ್ಟಿನಾಗ ಬಿಸಿಯಾಗಿ ಕುಂತಿತ್ತು.

"ನಮ್ಮ ಕಲ್ಲಿನ ಹಿಟ್ಟು ಇಷ್ಟು ಬಿಸಿ ಆಗ್ತಿರಲಿಲ್ಲ," ಅಂದಳು. "ಆರಲಿ, ಆಮ್ಯಾಲ ಮುಚ್ಚಳ ಹಾಕು. ಇಲ್ಲಂದ್ರ ಹಿಟ್ಟು ಬೆವರ್ತದ."